ಪದ ಪರಿಚಯ: ಮ್ಯಾನಿಫೆಸ್ಟ್

ಮ್ಯಾನಿಫೆಸ್ಟೋ ಅಂದರೆ ಚುನಾವಣೆಯ ಪ್ರಣಾಳಿಕೆ. ಮ್ಯಾನಿಫೆಸ್ಟ್ ಬೇರೆ. ಹಡಗಿನಲ್ಲಿ ಏನೇನು ಸರಕಿದೆ ಎಂದು ಬರೆದಿಡುವ ಪಟ್ಟಿಗೆ ಈ ಹೆಸರು. ಅಪಾಯಕಾರಿ ತ್ಯಾಜ್ಯದ ಮಟ್ಟಿಗೆ, ಕಾರ್ಖಾನೆಯಿಂದ ಹೊರಟ ಕಸದ ಜೊತೆಗೇ ಲಾರಿಯಲ್ಲಿ ಹೋಗುವ ಚೀಟಿ ಇದು.

ಪೀಣ್ಯದ ಒಂದು ಎಲೆಕ್ಟ್ರೋಪ್ಲೇಟಿಂಗ್ ಶೆಡ್, ಅಂದರೆ ವಿದ್ಯುತ್ ಹಾಯಿಸಿ ಲೋಹಕ್ಕೆ ಲೇಪ ಕೊಡುವ ಜಾಗ ಅಂದುಕೊಳ್ಳಿ. ಕೊಳೆ ನೀರನ್ನು ಶುದ್ಧ ಮಾಡಿದ ಮೇಲೆ ತಳದಲ್ಲಿ ಸ್ಲಡ್ಜ್, ಅಂದರೆ ಕೆಸರಿನಂಥ ಗಸಿ ಉಳಿಯುತ್ತದೆ. ಅದರಲ್ಲಿ ಕ್ರೋಮಿಯಂ, ನಿಕಲ್ ಇರುತ್ತವೆ. ಮೋರಿಗೆ ಸುರಿದರೆ ಅಂತರ್ಜಲಕ್ಕೆ ಇಳಿಯುತ್ತವೆ. 2016ರ ಕೇಂದ್ರ ನಿಯಮಗಳ ಪ್ರಕಾರ ಇದನ್ನು ಸಾಮಾನ್ಯವಾಗಿ 90 ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳುವಂತಿಲ್ಲ. ಡ್ರಮ್ಮಿಗೆ ಲೇಬಲ್ ಹಚ್ಚಿ, ಅನುಮತಿ ಇರುವ ವಿಲೇವಾರಿ ಘಟಕಕ್ಕೆ ಕಳಿಸಬೇಕು.

ಆಗ ತುಂಬಬೇಕಾದದ್ದೇ ನಮೂನೆ 10, ಅಂದರೆ ಮ್ಯಾನಿಫೆಸ್ಟ್. ಏಳು ಪ್ರತಿ, ಏಳು ಬಣ್ಣ. ಬಿಳಿ ಪ್ರತಿಯನ್ನು ಕಾರ್ಖಾನೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕಳಿಸುತ್ತದೆ. ಹಳದಿಯ ಮೇಲೆ ಸಾಗಣೆದಾರನ ಸಹಿ ಹಾಕಿಸಿ ತಾನೇ ಇಟ್ಟುಕೊಳ್ಳುತ್ತದೆ. ಉಳಿದ ಐದು ಲಾರಿಯ ಜೊತೆ ಹೊರಡುತ್ತವೆ. ಗುಲಾಬಿ ಘಟಕದವರಿಗೆ, ಕಿತ್ತಳೆ ಸಾಗಣೆದಾರನಿಗೆ. ಹಸಿರನ್ನು ಘಟಕದವರೇ ಮಂಡಳಿಗೆ ಕಳಿಸಬೇಕು. ತ್ಯಾಜ್ಯ ಬೇರೆ ರಾಜ್ಯದಿಂದ ಬಂದಿದ್ದರೆ ಬೂದು ಪ್ರತಿ ಆ ರಾಜ್ಯದ ಮಂಡಳಿಗೆ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ನೀಲಿ. ಅದು ಘಟಕದಿಂದ ಕಾರ್ಖಾನೆಗೇ ವಾಪಸ್ ಬರುತ್ತದೆ. ನೀವು ಕೊಟ್ಟ ಡ್ರಮ್ಮು ಸೇರಬೇಕಾದ ಕಡೆಯೇ ಸೇರಿತು ಅನ್ನುವ ಸಹಿ ಅದರಲ್ಲಿರುತ್ತದೆ.

ಸುಮ್ನೆ ಇಷ್ಟೊಂದು ಕಾಗದ ಯಾಕೆ? ವಿಲೇವಾರಿಗೆ ಕಾರ್ಖಾನೆ ದುಡ್ಡು ಕೊಡಬೇಕು, ಅದೂ ಟನ್ ಲೆಕ್ಕದಲ್ಲಿ. ಸುಡುವ ತ್ಯಾಜ್ಯಕ್ಕೆ ಒಂದು ದರ, ಹೂಳುವುದಕ್ಕೆ ಇನ್ನೊಂದು. ದರ ಏರಿದಾಗೆಲ್ಲ ರಾತ್ರಿ ಹೊತ್ತು ಕೆರೆ ಪಕ್ಕ ಸುರಿದು ಬರುವ ಆಸೆಯೂ ಏರುತ್ತದೆ, ಅಲ್ವಾ? ಅದಕ್ಕೇ ಶುಲ್ಕ ಬದಲಿಸುವಾಗ ಚೀಟಿಯ ನಿಯಮವನ್ನೂ ಬಿಗಿ ಮಾಡಬೇಕು. ಅಮೆರಿಕದಲ್ಲಿ 2018ರ ಜೂನ್ 30ರಿಂದ ಮ್ಯಾನಿಫೆಸ್ಟನ್ನು ಆನ್‌ಲೈನ್‌ನಲ್ಲೂ ತುಂಬಬಹುದು. ಅಲ್ಲಿ ಕಾಗದದ ಪ್ರತಿಗೆ ಶುಲ್ಕ ಜಾಸ್ತಿ, ಆನ್‌ಲೈನ್ ಪ್ರತಿಗೆ ಕಡಿಮೆ.

ಆನ್‌ಲೈನ್ ಇರಲಿ, ಕಾಗದ ಇರಲಿ, ಬಿಳಿ ಮತ್ತು ಹಸಿರು ಪ್ರತಿಗಳನ್ನು ಮಂಡಳಿಯಲ್ಲಿ ಯಾರಾದರೂ ಅಕ್ಕಪಕ್ಕ ಇಟ್ಟು ನೋಡಲೇಬೇಕು. ಹೊರಟದ್ದು ಎರಡು ಟನ್, ತಲುಪಿದ್ದು ಒಂದೂವರೆ ಅಂತಿದ್ದರೆ ಉಳಿದ ಅರ್ಧ ಟನ್ ಎಲ್ಲಿ ಎಂದು ಅವತ್ತೇ ಕೇಳಬೇಕು.