ಕಟ್ಟಿಗೆಯೋ ಪ್ಲೈವುಡ್ಡೋ: ಗೇಣಿನ ಲೆಕ್ಕ

ಸಾಗವಾನಿ ಗಟ್ಟಿಯೋ ಪ್ಲೈವುಡ್ ಗಟ್ಟಿಯೋ ಎಂದು ಕೇಳುತ್ತ ಕೂತರೆ ಕೆಲಸ ಮುಂದೆ ಸಾಗುವುದಿಲ್ಲ. ತುಂಡು ಎಷ್ಟು ಅಗಲ ಬೇಕು ಎಂದು ಮೊದಲು ನೋಡಿ. ಒಂದು ಗೇಣು, ಅಂದರೆ 9 ಇಂಚಿನೊಳಗಿದ್ದರೆ ಕಟ್ಟಿಗೆ; ಮೀರಿದರೆ ಬೋರ್ಡ್, ಅಂದರೆ ಪ್ಲೈವುಡ್, ಎಂಡಿಎಫ್‌ನಂಥ ಹಾಳೆ. ಬಾಗಿಲ ಚೌಕಟ್ಟು, ಹೊಸ್ತಿಲು, ಮೇಜಿನ ಕಾಲಿಗೆ ಕಟ್ಟಿಗೆ. ಕಪಾಟಿನ ಕದಕ್ಕೆ, ಮಂಚದ ಮೇಲೆ ಹಾಸುವ ಹಲಗೆಗೆ ಬೋರ್ಡ್.

ಅಗಲ ಯಾಕೆ?

ಕಟ್ಟಿಗೆ ತನ್ನ ಎಳೆಯ (ನಾರು ಸಾಗುವ ದಿಕ್ಕಿನ) ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಹಿಗ್ಗು-ಕುಗ್ಗು ಎಲ್ಲ ಅಗಲಕ್ಕೆ. ಸಾಗವಾನಿ ಹಲಗೆಯ ತೇವಾಂಶ 1% ಬದಲಾದರೆ ಅಗಲ ಸುಮಾರು 0.2% ಬದಲಾಗುತ್ತದೆ. ಬೆಳಗಾವಿ ಮಳೆಗಾಲದಲ್ಲಿ 14% ತೇವ ಇದ್ದ ಹಲಗೆ ವಿಜಯಪುರದ ಏಪ್ರಿಲ್ ಬಿಸಿಲಿಗೆ 8%ಕ್ಕೆ ಇಳಿಯಿತೆನ್ನಿ. 300 ಮಿ.ಮೀ. ಅಗಲದ ಹಲಗೆಗೆ ಲೆಕ್ಕ: 300 × 0.002 × 6 = 3.6 ಮಿ.ಮೀ. ನಾಲ್ಕೂ ಕಡೆ ಅಂಟು ಹಾಕಿ ಬಿಗಿದಿದ್ದರೆ ಆ ಮೂರೂವರೆ ಮಿಲಿಮೀಟರ್ ಹಲಗೆಯ ನಟ್ಟನಡುವೆ ಬಿರುಕಾಗಿ ಕಾಣುತ್ತದೆ.

ಕಟ್ಟಿಗೆ ಬಾಗಿಲ ನಡುವಿನ ಹಲಗೆ ಕೂಡಿಸುವಾಗ ಎಲ್ಲರೂ ಎಡವುವುದು ಇಲ್ಲೇ, ಆದ್ದರಿಂದ ಬಿಡಿಸಿ ಬರೆಯುತ್ತೇನೆ. ಹಲಗೆಯ ಎಳೆ ನಿಂತಿದೆ, ಮೇಲಿಂದ ಕೆಳಕ್ಕೆ. ಹಾಗಾದರೆ ಸಂದು ಬಿಡಬೇಕಾದ್ದು ಎಡ-ಬಲಕ್ಕೆ. ಮೇಲೆ-ಕೆಳಗೆ 1 ಮಿ.ಮೀ. ಸಾಕು. ಬಹಳ ಮಂದಿ ಮಾಡುವುದು ಇದರ ಉಲ್ಟಾ. ಹಲಗೆಯ ಅಂಚು ಕೂರುವ ಚೌಕಟ್ಟಿನ ಗ್ರೂವ್ (ಕೊರೆದ ಕಾಲುವೆ) 12 ಮಿ.ಮೀ. ಆಳ ಇರಲಿ, ಹಲಗೆ ಎರಡೂ ಬದಿ 8 ಮಿ.ಮೀ. ಒಳಗೆ ಹೋಗಲಿ, ಉಳಿದ 4 ಮಿ.ಮೀ. ಖಾಲಿ.

ತಿಂಗಳನ್ನೂ ನೋಡಬೇಕು. ಬೇಸಿಗೆಯಲ್ಲಿ ಕೂಡಿಸಿದರೆ ಹಲಗೆ ಆಗಲೇ ಒಣಗಿ ಸಣ್ಣದಾಗಿರುತ್ತದೆ, ಮುಂದೆ ಉಬ್ಬುವುದಷ್ಟೇ ಬಾಕಿ, 4 ಮಿ.ಮೀ. ಪೂರಾ ಬೇಕು. ಆಗಸ್ಟ್‌ನಲ್ಲಾದರೆ ಅದು ಉಬ್ಬಿಯೇ ಕೂತಿದೆ, 1-2 ಮಿ.ಮೀ. ಸಾಕು. ಆದರೆ ಆಗ ಹಲಗೆ ಗ್ರೂವ್‌ನೊಳಗೆ ಆಳವಾಗಿ ಕೂರಬೇಕು, ಇಲ್ಲದಿದ್ದರೆ ಬೇಸಿಗೆಗೆ ಅಂಚು ಹೊರಬಂದು ಬೆಳಕು ಇಣುಕುತ್ತದೆ. ಹಲಗೆ ಕೂಡಿಸುವ ಮೊದಲೇ ಪಾಲಿಶ್ ಹೊಡೆಯಿರಿ. ಆಮೇಲೆ ಹೊಡೆದರೆ ಕುಗ್ಗಿದಾಗ ಅಂಚಿನಲ್ಲಿ ಬಿಳಿ ಗೆರೆ ಕಾಣುತ್ತದೆ. ಗ್ರೂವ್‌ಗೆ ಅಂಟು ಬೇಡವೇ ಬೇಡ. ಹಲಗೆ ಅಲುಗುತ್ತಿದ್ದರೆ ಮೇಲೆ ಮತ್ತು ಕೆಳಗೆ ನಟ್ಟನಡುವೆ ಒಂದೊಂದು ಹನಿ ಅಂಟು, ಅಷ್ಟೇ.

ಪ್ಲೈವುಡ್‌ಗೆ ಈ ತಲೆನೋವಿಲ್ಲ. ಪದರಗಳು ಒಂದಕ್ಕೊಂದು ಅಡ್ಡ ಕೂತಿರುವುದರಿಂದ ಒಂದನ್ನೊಂದು ಹಿಡಿದಿಡುತ್ತವೆ. ಆದರೆ ಒಂದೇ ಬದಿಗೆ ಸನ್‌ಮೈಕಾ ಅಂಟಿಸಿದರೆ ಕದ ಬಿಲ್ಲಿನಂತೆ ಬಾಗುತ್ತದೆ. ಹಿಂಬದಿಗೂ ತೆಳು ಲೈನರ್ ಹಾಳೆ ಅಂಟಿಸಲೇಬೇಕು.

ದರ

ಕಟ್ಟಿಗೆ ಘನ ಅಡಿ ಲೆಕ್ಕ, ಪ್ಲೈವುಡ್ ಚದರ ಅಡಿ ಲೆಕ್ಕ. ಕಟ್ಟಿಗೆ ದರವನ್ನು 12ರಿಂದ ಭಾಗಿಸಿ: ಒಂದಿಂಚು ದಪ್ಪದ ಹಲಗೆಯ ಚದರ ಅಡಿ ದರ ಬರುತ್ತದೆ. ರಂದಾ ಹೊಡೆದು ನುಣುಪು ಮಾಡಿದ ಮೇಲೆ ಆ ಇಂಚು 20-22 ಮಿ.ಮೀ. ಆಗುತ್ತದೆ, ಅಡ್ಡ ಕೊಯ್ದ ಚೂರುಗಳ ನಷ್ಟ ಬೇರೆ. ಪ್ಲೈವುಡ್‌ನ 8×4 ಅಡಿ ಹಾಳೆ ಅಂದರೆ 32 ಚದರ ಅಡಿ, ಅಷ್ಟೇ.

ಉಳಿದದ್ದು

ಐಎಸ್ 303 (ಐಎಸ್ ಅಂದರೆ ಭಾರತೀಯ ಮಾನಕ) ಗುರುತಿನ ಎಂಆರ್, ಅಂದರೆ ತೇವ ತಡೆಯುವ ಪ್ಲೈ ಪಡಸಾಲೆ, ಮಲಗುವ ಕೋಣೆಗೆ ಸರಿ. ಸಿಂಕ್ ಕೆಳಗೆ ಐಎಸ್ 710 ಗುರುತಿನ ಮರೈನ್ ಪ್ಲೈ ಬೇಕು. ಪಾರ್ಟಿಕಲ್ ಬೋರ್ಡ್ (ಕಟ್ಟಿಗೆ ಚೂರು ಒತ್ತಿ ಮಾಡಿದ್ದು) ನೀರು ಕುಡಿದು ಉಬ್ಬಿದರೆ ಒಣಗಿದ ಮೇಲೂ ಮೊದಲಿನಂತೆ ಆಗುವುದಿಲ್ಲ. ಎಂಡಿಎಫ್ (ಕಟ್ಟಿಗೆ ನಾರು ಒತ್ತಿ ಮಾಡಿದ ಬೋರ್ಡ್) ಅಂಚಿಗೆ ಸ್ಕ್ರೂ ಹಾಕುವ ಮೊದಲು ಸಣ್ಣ ತೂತು ಕೊರೆಯದಿದ್ದರೆ ಸೀಳುತ್ತದೆ.

ಪುಸ್ತಕದ ಕಪಾಟಿಗೆ 18 ಮಿ.ಮೀ. ಪ್ಲೈ ಇದ್ದರೂ ಆಧಾರಗಳ ನಡುವೆ ಎರಡೂವರೆ ಅಡಿ ದಾಟಿಸಬೇಡಿ. ಪುಸ್ತಕ ಉದ್ದಕ್ಕೂ ತುಂಬಿದ್ದರೆ ಅಂತರ ಇಮ್ಮಡಿಯಾದಾಗ ಜೋಲು 16 ಪಟ್ಟು. ಉದ್ದ ಬೇಕೇ ಬೇಕಾದರೆ ಮುಂದಿನ ಅಂಚಿನ ಕೆಳಗೆ ಒಂದೂವರೆ ಇಂಚಿನ ಕಟ್ಟಿಗೆ ಪಟ್ಟಿ ನಿಲ್ಲಿಸಿ ಅಂಟಿಸಿ. ಸಾಗವಾನಿಗೆ ಗೆದ್ದಲು ಹತ್ತುವುದಿಲ್ಲ ಎನ್ನುವ ಮಾತು ನಡುವಿನ ಕಂದು ಕಟ್ಟಿಗೆಗಷ್ಟೇ. ಅಂಚಿನ ಬಿಳಿ ಭಾಗ ಕಂಡರೆ ಕಟ್ಟಿಗೆ ಮಾರುವ ಅಡ್ಡೆಯಲ್ಲೇ ಕೊಯ್ಯಿಸಿಬಿಡಿ.