ಕೀಚಕ ಸತ್ತ ಮೇಲೆ

ಕೀಚಕ ವಧೆ ಆಡುವ ತಂಡಗಳು ಸಾಮಾನ್ಯವಾಗಿ ನರ್ತನಶಾಲೆಯ ಹೊಡೆತಕ್ಕೇ ಮಂಗಳ ಹಾಡಿಬಿಡುತ್ತವೆ. ವ್ಯಾಸರ ವಿರಾಟಪರ್ವ ಅಲ್ಲಿಗೆ ನಿಲ್ಲುವುದಿಲ್ಲ. ಕೀಚಕನ ಬಂಧುಗಳಾದ ಉಪಕೀಚಕರು ಸೈರಂಧ್ರಿಯ ವೇಷದ ದ್ರೌಪದಿಯನ್ನು ಅವನ ಹೆಣದ ಜೊತೆಗೇ ಸುಡಲು ಸ್ಮಶಾನಕ್ಕೆ ಹೊತ್ತೊಯ್ಯುತ್ತಾರೆ, ವಿರಾಟನ ಒಪ್ಪಿಗೆ ಪಡೆದೇ. ಭೀಮ ಆ 105 ಮಂದಿಯನ್ನೂ ಕೊಲ್ಲಬೇಕಾಗುತ್ತದೆ. ಆಮೇಲೆ ಊರು ಹೆದರುವುದು ಅವಳಿಗೆ! ಅರಮನೆ ಬಿಡು ಎಂದು ದೊರೆ ರಾಣಿಯ ಬಾಯಲ್ಲಿ ಹೇಳಿಸುತ್ತಾನೆ. ಇನ್ನು 13 ದಿನ ಸೈರಿಸಿ ಎಂದು ಕೇಳಿಕೊಳ್ಳಬೇಕಾದವಳು ಒದೆ ತಿಂದವಳೇ.

ಕತ್ತರಿ ಬೀಳುವ ಇನ್ನೊಂದು ಜಾಗ ಅಡುಗೆಮನೆ. ತುಂಬಿದ ಸಭೆಯಲ್ಲಿ ಕೀಚಕ ಅವಳನ್ನು ಒದ್ದಾಗ, ನಟಿಯ ಹಾಗೆ ಅತ್ತು ಪಗಡೆಯಾಟ ಕೆಡಿಸಬೇಡ ಎಂದವನು ಕಂಕನ ವೇಷದ ಧರ್ಮರಾಯ. ಆ ರಾತ್ರಿ ಅವಳು ಅಡುಗೆಯವನ ವೇಷದ ಭೀಮನನ್ನು ಅಲ್ಲೇ ಎಬ್ಬಿಸಿ ಗಂಧ ತೇಯ್ದು ಜಡ್ಡುಗಟ್ಟಿದ ಕೈ ತೋರಿಸುತ್ತಾಳೆ, ಬಂಡೆಗೆ ಅಪ್ಪಳಿಸಿದ ಕೊಡದಂತೆ ಕೀಚಕನನ್ನು ಒಡೆ ಎನ್ನುತ್ತಾಳೆ, ಇಲ್ಲದಿದ್ದರೆ ವಿಷ ಕುಡಿಯುವೆ ಎನ್ನುತ್ತಾಳೆ. ಜಾಗ ಗೊತ್ತುಮಾಡುವವನು ಭೀಮ, ಕೊಲೆಯ ಬೇಡಿಕೆ ಅವಳದು. ಕೀಚಕನ ಶೃಂಗಾರದ ಪದಗಳನ್ನು ಬೆಳೆಸಿ ಈ ಮಾತುಕತೆ ಮೊಟಕು ಮಾಡಿದರೆ ಅವಳು ಭೀಮನ ಕೋಪಕ್ಕೊಂದು ನೆಪವಾಗಿ ಉಳಿಯುತ್ತಾಳೆ.

ನೆಪವಾಗಿಸುವುದು ರಾಜಕೀಯಕ್ಕೂ ಒದಗಿಬಂದಿದೆ. 1907ರಲ್ಲಿ ಖಾಡಿಲ್ಕರ್ ಬರೆದ ಮರಾಠಿ 'ಕೀಚಕವಧ'ದಲ್ಲಿ ಪ್ರೇಕ್ಷಕರು ಕೀಚಕನಲ್ಲಿ ವೈಸರಾಯ್ ಆಗಿದ್ದ ಕರ್ಜನ್‌ನನ್ನೂ ದ್ರೌಪದಿಯಲ್ಲಿ ದೇಶವನ್ನೂ ಕಂಡರು. 1910ರಲ್ಲಿ ಬ್ರಿಟಿಷ್ ಸರ್ಕಾರ ಅದನ್ನು ನಿಷೇಧಿಸಿತು. ನಾಟಕ ಜೋರಾಗಿತ್ತು, ನಿಜ. ಆದರೆ ದೇಶವಾದ ಹೆಣ್ಣಿಗೆ ಜಡ್ಡುಗಟ್ಟಿದ ಕೈ ಇರುವುದಿಲ್ಲ.

ಓವಿಡ್‌ನ ಲ್ಯಾಟಿನ್ ಕಾವ್ಯದ ಫಿಲೊಮೆಲಾ ಕತೆಯಲ್ಲಿ ಸೇಡು ತೀರಿಸುವ ಗಂಡಸಿನ ತೋಳಿಲ್ಲ. ಅತ್ಯಾಚಾರ ಮಾಡಿದ ಟೀರಿಯಸ್ ನಾಲಿಗೆಯನ್ನೂ ಕತ್ತರಿಸಿದ; ಅವಳು ಬಿಳಿ ನೂಲಿನ ನಡುವೆ ಕೆನ್ನೀಲಿ ನೂಲಲ್ಲಿ ನಡೆದದ್ದನ್ನು ನೇಯ್ದು ಅವನ ಹೆಂಡತಿಯಾದ ತನ್ನ ಅಕ್ಕನಿಗೆ ಕಳಿಸಿದಳು. ಇಬ್ಬರೂ ಸೇರಿ ಅವನ ಮಗನನ್ನೇ ಕೊಂದು ಬೇಯಿಸಿ ಅವನಿಗೆ ಬಡಿಸಿದರು. ಏನೂ ಅರಿಯದ ಹುಡುಗ ಸತ್ತ. ನೋಡುವವರ ಚಪ್ಪಾಳೆ ಇಲ್ಲಿ ಗಂಟಲಲ್ಲೇ ನಿಲ್ಲುತ್ತದೆ.

ಕೀಚಕನ ದೃಶ್ಯಕ್ಕೆ ಬೆಳಕಿನ ಸೂಚನೆ ಮೂಲದಲ್ಲೇ ಇದೆ. ಕೊಲೆ ಕತ್ತಲಲ್ಲಿ; ಸದ್ದು ಸಾಕು. ಬಳಿಕ ದ್ರೌಪದಿಯೇ ಕಾವಲಿನವರನ್ನು ಕರೆಯುತ್ತಾಳೆ. ಅವರು ಪಂಜು ಹಿಡಿದು ಬಂದು ಮಾಂಸದ ಮುದ್ದೆ ನೋಡಿ, ಕತ್ತೆಲ್ಲಿ, ಕೈಯೆಲ್ಲಿ, ಕಾಲೆಲ್ಲಿ ಎಂದು ಹುಡುಕುತ್ತಾರೆ. ಆಗ ಬಂಧುಗಳು ಬರಲಿ. ಅವರ ಕಣ್ಣು ಹೆಣದಿಂದ ಮೇಲೆದ್ದು, ಹತ್ತಿರದಲ್ಲೇ ಕಂಬ ತಬ್ಬಿ ನಿಂತಿರುವ ಸೈರಂಧ್ರಿಯ ಮೇಲೆ ಬೀಳಲಿ. ತೆರೆ ಇನ್ನೂ ಎಳೆಯಬೇಡಿ.