ಬಾವಿ ನೀರು ತಿಳಿಯಾದರೆ ಡೀಸೆಲ್ ಹೋಯಿತೆಂದಲ್ಲ

ಕೋಲಾರದ ನಮ್ಮ ನೀರು ಪರೀಕ್ಷೆ ಲ್ಯಾಬಿಗೆ ಬರುವವರು ಬಾಟಲಿಯನ್ನು ಬೆಳಕಿಗೆ ಹಿಡಿದು ತೋರಿಸುತ್ತಾರೆ. “ನೋಡಿ ಸಾರ್, ಮೇಲೆ ಒಂಚೂರೂ ಎಣ್ಣೆ ಇಲ್ಲ. ಕುಡೀಬೋದಲ್ವಾ?” ಪಂಪ್‌ಸೆಟ್ಟಿನ ಡೀಸೆಲ್ ಬಾವಿಗೆ ಸೋರಿರಲಿ, ಗ್ಯಾರೇಜಿನವರು ಹಳೇ ಎಂಜಿನ್ ಆಯಿಲ್ ರಾಜಕಾಲುವೆಗೆ ಸುರಿದಿರಲಿ, ಮಾತು ಇದೇ. ಹೇಳಿ ಹೇಳಿ ಸಾಕಾಗಿದೆ, ಆದರೂ ಹೇಳುತ್ತೇನೆ. ತೇಲುವ ಪೊರೆ ಹೋಯಿತೆಂದರೆ ಎಣ್ಣೆ ಹೋಯಿತೆಂದು ಅರ್ಥವಲ್ಲ.

ಸಮುದ್ರಕ್ಕೆ ಚೆಲ್ಲಿದ ಎಣ್ಣೆಯನ್ನು ವಿಜ್ಞಾನಿಗಳು ದಶಕಗಟ್ಟಲೆ ಬೆನ್ನುಹತ್ತಿ ನೋಡಿದ್ದಾರೆ. 1989ರ ಮಾರ್ಚಿನಲ್ಲಿ ಅಲಾಸ್ಕದ ಬಳಿ ಎಕ್ಸಾನ್ ವಾಲ್ಡೀಜ್ ಹಡಗು ನೀರೊಳಗಿನ ಬಂಡೆಗೆ ಬಡಿದು ಸುಮಾರು 4 ಕೋಟಿ ಲೀಟರ್ ಕಚ್ಚಾ ತೈಲ ಚೆಲ್ಲಿತು. 2001ರಲ್ಲಿ ದಡಗಳಲ್ಲಿ ಗುಂಡಿ ತೋಡಿ ನೋಡಿದರೆ ಕಲ್ಲುಗಳಡಿ ಎಣ್ಣೆ ಇನ್ನೂ ಇತ್ತು. ಚಿಪ್ಪುಜೀವಿಗಳಿಗಾಗಿ ಅಲ್ಲಿ ತಳ ಕೆದಕುವ ಕಡಲ ನೀರುನಾಯಿಗಳ ಸಂಖ್ಯೆ ಚೇತರಿಸಿಕೊಳ್ಳಲು 20 ವರ್ಷಕ್ಕೂ ಹೆಚ್ಚು ಹಿಡಿಯಿತು.

ರೈತರಿಗೆ ನಾನು ಹೆಚ್ಚಾಗಿ ಹೇಳುವುದು 1969ರ ಘಟನೆ. ಅಮೆರಿಕದ ವೆಸ್ಟ್ ಫಾಲ್ಮತ್ ಬಳಿ ಫ್ಲೋರಿಡಾ ಎಂಬ ಬಾರ್ಜಿನಿಂದ ಚೆಲ್ಲಿದ್ದು ಡೀಸೆಲ್ಲಿನಂಥದೇ ಇಂಧನ, ಸುಮಾರು 7 ಲಕ್ಷ ಲೀಟರ್. 30 ವರ್ಷ ಕಳೆದರೂ ಜೌಗಿನ ಕೆಸರಿನಲ್ಲಿ ಅದು ಸಿಕ್ಕಿತು. ಬಿಲ ತೋಡುವ ಏಡಿಗಳು ಎಣ್ಣೆಯ ಪದರಕ್ಕೆ ಹೆದರಿ ಆಳಕ್ಕಿಳಿಯುತ್ತಲೇ ಇರಲಿಲ್ಲ.

ಎಣ್ಣೆಯ ಹಗುರ ಅಂಶ ಆವಿಯಾಗುತ್ತದೆ. ಬೆಂಜೀನಿನಂಥದ್ದು ಒಂದಿಷ್ಟು ನೀರಲ್ಲೇ ಕರಗಿ ಕಣ್ಣಿಗೆ ಕಾಣದಾಗುತ್ತದೆ. ಉಳಿದದ್ದರಲ್ಲಿ ಬಹಳಷ್ಟು ಹೂಳಿಗಂಟಿ ತಳ ಸೇರುತ್ತದೆ. ಎಣ್ಣೆ ತಿನ್ನುವ ಬ್ಯಾಕ್ಟೀರಿಯಾಗಳಿವೆ, ನಿಜ. ಗಾಳಿಯಾಡದ ಕೆಸರಿನಲ್ಲಿ ಅವುಗಳ ಕೆಲಸ ತೀರಾ ನಿಧಾನ. ಎಣ್ಣೆಯಲ್ಲಿರುವ ಪಿಎಎಚ್ ಗುಂಪಿನ ರಾಸಾಯನಿಕಗಳಿಗೆ ನಮ್ಮ ಕುಡಿಯುವ ನೀರಿನ ಮಾನಕದಲ್ಲಿರುವ ಮಿತಿ ಲೀಟರಿಗೆ 0.0001 ಮಿಲಿಗ್ರಾಂ. ಯಾವ ಕಣ್ಣಿಗೆ ಕಂಡೀತು ಅದು?

ಅಲಾಸ್ಕದ ಚಳಿ ಇಲ್ಲಿಲ್ಲ, ನಮ್ಮ ಸೆಕೆಗೆ ಎಣ್ಣೆ ಬೇಗ ಕೊಳೆಯಬಹುದು. ಎಷ್ಟು ಬೇಗ ಎಂಬುದು ಎಣ್ಣೆಯ ಬಗೆ, ಮಣ್ಣು, ನೀರಿನ ಓಡಾಟದ ಮೇಲೆ ಹೋಗುತ್ತದೆ. ಪರೀಕ್ಷಿಸದೆ ಮಾತು ಕೊಡಲಾರೆ.

ಮಾಲೂರು ಕಡೆಯ ಹಿರಿಯರೊಬ್ಬರು ಗೋಣಿಚೀಲ ಅದ್ದಿ ಅದ್ದಿ ಬಾವಿಯ ಮೇಲಿದ್ದ ಡೀಸೆಲ್ಲನ್ನೆಲ್ಲ ತೆಗೆದಿದ್ದರು. ಮಾಡಬೇಕಾದ ಕೆಲಸವೇ ಅದು, ಅವರ ಶ್ರಮ ಕಂಡು ಮನಸ್ಸು ತುಂಬಿತು. “ತಳದ ಹೂಳೂ ತನ್ನಿ ಯಜಮಾನ್ರೇ” ಅಂದೆ. ತಂದ ಹೂಳಿಗೆ ಬಿಸಿನೀರು ಸುರಿದು ಕಲಕಿದಾಗ ಮೇಲೆ ಕಾಮನಬಿಲ್ಲಿನ ಬಣ್ಣ ಎದ್ದಿತು. ಅವರು ಬಗ್ಗಿ ಮೂಸಿ, “ಅಯ್ಯೋ, ಇಲ್ಲೇ ಕುಂತೈತಲ್ಲ ಸಾರ್!” ಎಂದರು.

ಮಾದರಿಯನ್ನು ಗಾಜಿನ ಬಾಟಲಿಯಲ್ಲಿ ತನ್ನಿ; ಪ್ಲಾಸ್ಟಿಕ್ಕಿಗೆ ಎಣ್ಣೆ ಅಂಟಿಕೊಳ್ಳುತ್ತದೆ. ಹೂಳನ್ನು ಹಗ್ಗಕ್ಕೆ ಬಕೆಟ್ ಕಟ್ಟಿ ಮೇಲಿನಿಂದಲೇ ತೆಗೆಯಿರಿ. ದಯವಿಟ್ಟು ಬಾವಿಗೆ ಯಾರನ್ನೂ ಇಳಿಸಬೇಡಿ, ಇಂಧನದ ಆವಿ ಗಾಳಿಗಿಂತ ಭಾರ, ಕೆಳಗೇ ನಿಂತಿರುತ್ತದೆ. ವರದಿ ಕೈಗೆ ಬರುವವರೆಗೆ ಆ ನೀರು ಮನೆಗೂ ಬೇಡ, ದನಕರುಗಳಿಗೂ ಬೇಡ.